ಆರ್ಡರ್ ಅನ್ನು ಆರ್ಡರ್‌ಗೆ ಕಾಸ್ಟ್ ಮಾಡೋಕಾಗಲ್ವಂತೆ!

ಜಾವಾ ಎಂಟರ್‌ಪ್ರೈಸ್ ಆ್ಯಪ್ ಡಿಪ್ಲಾಯ್ ಆಯ್ತು. ಲಾಗ್‌ನಲ್ಲಿ ಮಾತ್ರ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್: ‘ಆರ್ಡರ್’ ಕ್ಲಾಸನ್ನ ‘ಆರ್ಡರ್’ ಕ್ಲಾಸಿಗೇ ಕಾಸ್ಟ್ ಮಾಡೋಕಾಗಲ್ಲ ಅಂತಿದೆ. ಹೆಸರು ಒಂದೇ, ಪ್ಯಾಕೇಜ್ ಒಂದೇ. ಮತ್ತೇನು ತಕರಾರು?

ಜೆವಿಎಂ ಬರೀ ಹೆಸರು ನೋಡಲ್ಲ. ಆ ಕ್ಲಾಸನ್ನ ಲೋಡ್ ಮಾಡಿದ ಕ್ಲಾಸ್‌ಲೋಡರ್ ಯಾವುದು ಅಂತಲೂ ನೋಡುತ್ತೆ. ಹೆಸರು ಒಂದೇ ಇದ್ರೂ ಇನಿಷಿಯಲ್ ಬೇರೆಯಾದ್ರೆ ಆಳೇ ಬೇರೆ ಅಲ್ವಾ, ಹಾಗೆ.

ಈಗ ಇಯರ್ ಫೈಲ್ ಬಿಚ್ಚಿ ನೋಡಿ. ಆರ್ಡರ್ ಇರೋ ಜಾರ್ ಇಯರ್‌ನ ಲಿಬ್ ಫೋಲ್ಡರ್‌ನಲ್ಲೂ ಇದೆ, ವಾರ್ ಒಳಗಿನ ವೆಬ್-ಇನ್ಫ್ ಲಿಬ್‌ನಲ್ಲೂ ಇದೆ. ಇಜೆಬಿ ಕೊಡೋದು ಮೊದಲನೇ ಪ್ರತಿಯ ಆಬ್ಜೆಕ್ಟ್. ವಾರ್‌ಗೆ ಗೊತ್ತಿರೋದು ತನ್ನ ಪ್ರತಿ ಮಾತ್ರ. ಅಲ್ಲೇ ಡಿಕ್ಕಿ.

ಅನುಮಾನ ಇದ್ರೆ ಗೆಟ್‌ಕ್ಲಾಸ್, ಅದರ ಮೇಲೆ ಗೆಟ್‌ಕ್ಲಾಸ್‌ಲೋಡರ್ ಕರೆದು ಪ್ರಿಂಟ್ ಮಾಡಿ. ಜಾವಾ 11ರಿಂದ ಈ ಎರರ್ ಮೆಸೇಜೇ ಲೋಡರ್ ಯಾವುದು ಅಂತ ಹೇಳುತ್ತೆ.

ಹಂಚಿಕೊಳ್ಳೋ ಜಾರ್ ಇಯರ್‌ನ ಲಿಬ್‌ನಲ್ಲಿ ಮಾತ್ರ ಇರಲಿ. ವಾರ್‌ನ ಮೇವನ್ ಫೈಲಲ್ಲಿ ಅದರ ಸ್ಕೋಪ್ ‘ಪ್ರೊವೈಡೆಡ್’ ಅಂತ ಹಾಕಿ. ಸರ್ವರ್‌ನ ಲೋಡರ್ ಸೆಟ್ಟಿಂಗ್‌ಗೆ ಕೈ ಹಾಕೋ ಮೊದಲು ಇದನ್ನ ಮಾಡಿ ನೋಡಿ.