ಪುಡಿಯಲ್ಲಿ ಹುಟ್ಟಿದ ರಾಡು, ತಾಮ್ರ ಕೊಟ್ಟ ಕಸುವು

ಕಾರಿನ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಆ ಎಳೆದಾಟವನ್ನೆಲ್ಲ ತಡೆದುಕೊಳ್ಳುವುದು ಕನೆಕ್ಟಿಂಗ್ ರಾಡು. ಅದು ಮುರಿಯಿತೋ, ಎಂಜಿನ್ನಿನ ಬ್ಲಾಕನ್ನೇ ತೂತು ಮಾಡಿಕೊಂಡು ಆಚೆ ಬಂದರೂ ಬಂತು. ಆಮೇಲೆ ಗ್ಯಾರೇಜಿನ ಬಿಲ್ಲು ನೋಡಿ ಮಾಲೀಕನ ಎದೆ ಒಡೆಯಬೇಕು!

ಇಂಥ ರಾಡನ್ನು ಕಬ್ಬಿಣದ ಪುಡಿಯಲ್ಲಿ ಮಾಡ್ತಾರೆ ಅಂದರೆ ನಂಬುವವರು ಕಡಿಮೆ. ಆದರೆ ಅಮೆರಿಕದ ಫೋರ್ಡ್ ಕಂಪನಿ 1986ರಲ್ಲೇ ಎಸ್ಕಾರ್ಟ್ ಕಾರಿನ 1.9 ಲೀಟರ್ ಎಂಜಿನ್ನಿಗೆ ಇದನ್ನು ಹಾಕಿತು.

ಕಬ್ಬಿಣದ ಪುಡಿಗೆ ನೂರಕ್ಕೆ 2 ಪಾಲು ತಾಮ್ರ, ಅರ್ಧ ಪಾಲಿನಷ್ಟು ಗ್ರಾಫೈಟ್ ಬೆರೆಸಿ, ತೂಗಿ, ಅಚ್ಚಿನಲ್ಲಿ ಒತ್ತುತ್ತಾರೆ. ಆಗ ಸಿಗುವುದು ರವೆ ಉಂಡೆಯಂಥದ್ದು. ನೂರಕ್ಕೆ 10 ಪಾಲಿಗೂ ಮೇಲೆ ಒಳಗೆ ಬರೀ ಸಂದಿ. ಮುಂದೆ ಸುಮಾರು 1120 ಡಿಗ್ರಿ ಕುಲುಮೆ. ಈ ಶಾಖಕ್ಕೆ ಕಬ್ಬಿಣ ಜಗ್ಗುವುದಿಲ್ಲ, ಅದು ಕರಗಲು 1538 ಡಿಗ್ರಿ ಬೇಕು. ತಾಮ್ರ 1085ಕ್ಕೇ ನೀರಾಗಿ ಸಂದಿಗಿಳಿದು ಕಬ್ಬಿಣದ ಕಣಗಳೊಳಗೆ ಬೆರೆತು ಕಸುವು ಕೊಡುತ್ತೆ. ಕಾದು ಕೆಂಪಾದದ್ದನ್ನು ಇನ್ನೊಂದು ಅಚ್ಚಿಗಿಟ್ಟು ಒಂದೇ ಪೆಟ್ಟು! ಸಂದಿ ಮಾಯ, ಗಟ್ಟಿ ಉಕ್ಕು ಕೈಗೆ.

ತೂಗಿಯೇ ತುಂಬಿದ್ದರಿಂದ ರಾಡುಗಳ ತೂಕದಲ್ಲಿ ಹೆಚ್ಚು ಕಮ್ಮಿ ಬರುವುದಿಲ್ಲ, ಉಜ್ಜಿ ಬಿಸಾಡುವ ಲೋಹವೂ ಅಲ್ಪ. ದೊಡ್ಡ ಕಣ್ಣನ್ನು ಗರಗಸದಲ್ಲಿ ಕೊಯ್ಯದೆ ಪಟಕ್ಕನೆ ಸೀಳುತ್ತಾರೆ. ಒಡೆದ ಮಡಕೆಯ ಚೂರಿನಂತೆ ಎರಡು ಹೋಳು ತಮ್ಮ ಜಾಗಕ್ಕೇ ಕೂರುತ್ತವೆ. 1990ರ ದಶಕದ ಶುರುವಿನಲ್ಲಿ ಫೋರ್ಡಿನ 4.6 ಲೀಟರ್ ಎಂಜಿನ್ನಿಗೆ ಇದೇ ಉಪಾಯ.

ಕಾಯಿಸಿದ ಸರಳು ಬಡಿದು ರಾಡು ಮಾಡುವವರೇನು ಕೈಕಟ್ಟಿ ಕೂತರೆ? ಹೀಗೇ ಸೀಳಬಲ್ಲ ಸಿ-70 ಎಂಬ ಉಕ್ಕನ್ನು ಯೂರೋಪಿನಲ್ಲಿ ತಂದರು. ಪುಡಿಯವರ ಹೊಟ್ಟೆಗೇ ಕಲ್ಲು ಬಿತ್ತು. ಅವರು ತಾಮ್ರವನ್ನು 3 ಪಾಲಿಗೆ ಏರಿಸಿದರು, ಇಂಗಾಲವನ್ನೂ ಚೂರು ಜಾಸ್ತಿ ಮಾಡಿದರು. ರಾಡಿಗೆ ಬಲವೇನೋ ಬಂತು, ಆದರೆ ಕೊರೆಯುವ ಹತಾರ ಬೇಗ ಸವೆಯತೊಡಗಿತು. ಅದಕ್ಕೇ ಮ್ಯಾಂಗನೀಸ್ ಸಲ್ಫೈಡ್ ಎಂಬ ಪುಡಿಯನ್ನು ಉಪ್ಪಿನ ಹದದಲ್ಲಿ ಸೇರಿಸುವುದು. ಪುಡಿಯೂ ಶುದ್ಧವಿರಬೇಕು, ಕಸದ ಒಂದು ಕಣ ಒಳಗುಳಿದರೂ ಬಿರುಕು ಅಲ್ಲಿಂದಲೇ ಶುರುವಾಗಬಹುದು.

ಬಸ್ಸು, ಲಾರಿಗಳ ದೊಡ್ಡ ಡೀಸೆಲ್ ಎಂಜಿನ್ನಿಗೆ ಮಾತ್ರ ಸಾಮಾನ್ಯವಾಗಿ ಬಡಿದ ಉಕ್ಕಿನ ರಾಡೇ. ಬ್ಯಾಟರಿ ಕಾರಿಗಂತೂ ಪಿಸ್ಟನ್ನೂ ಇಲ್ಲ, ರಾಡೂ ಇಲ್ಲ. ಪುಡಿಯವರಿಗೂ ಸರಳಿನವರಿಗೂ ಈಗ ಒಂದೇ ತಲೆನೋವು.