ಉತ್ತರವಿಲ್ಲದ ಲೆಕ್ಕವನ್ನು ಯಂತ್ರಕ್ಕೆ ಕಲಿಸಿದ ಬಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ಅಲ್ಲಿನ ಜಾಲಂಧ್ರಗಳ ಕಡೆಗೆ ಕ್ಯಾಮೆರಾ ತಿರುಗಿಸಿದವರಿಗೆ ಒಂದು ತೊಡಕು ತಪ್ಪಿದ್ದಲ್ಲ. ಒಳಗಿನ ಕಂಬಗಳ ಉರುಟು ನಯ ಕಾಣಲೆಂದು ಬೆಳಕಿಗೆ ಹೆಚ್ಚು ಅವಕಾಶ ಕೊಟ್ಟರೆ ಜಾಲಂಧ್ರವು ಬರಿಯ ಬಿಳಿಯ ಚೌಕವಾಗಿ ಅದರ ರಂಧ್ರವಿನ್ಯಾಸವೆಲ್ಲ ಅಳಿಸಿಹೋಗುತ್ತದೆ. ವಿನ್ಯಾಸ ಉಳಿಯಲೆಂದು ಬೆಳಕನ್ನು ತಗ್ಗಿಸಿದರೆ ಕಂಬಗಳು ಕತ್ತಲಲ್ಲಿ ಮುಳುಗುತ್ತವೆ. ಅಲ್ಲಿಯೇ ನಿಂತ ನಮ್ಮ ಕಣ್ಣಿಗೆ ಎರಡೂ ಕಾಣುತ್ತಿರುವುದರಿಂದ ಕ್ಯಾಮೆರಾವನ್ನು ಹಳಿಯುವುದು ವಾಡಿಕೆಯಾದರೂ, ಕಣ್ಣು ಎರಡನ್ನೂ ಒಂದೇ ಕ್ಷಣದಲ್ಲಿ ನೋಡುವುದಿಲ್ಲವೆಂಬುದನ್ನು ಮರೆಯಬಾರದು. ಅದು ಕಂಬದ ಮೇಲೆ ಒಮ್ಮೆ, ಕಿಂಡಿಯ ಮೇಲೆ ಒಮ್ಮೆ ಹರಿದಾಡಿ, ಹೋದಲ್ಲೆಲ್ಲ ಅಲ್ಲಿಯ ಬೆಳಕಿಗೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾದ ಸಂವೇದಕಕ್ಕಾದರೋ ಒಂದೇ ಅವಧಿ. ಅದರ ಒಂದೊಂದು ಪಿಕ್ಸೆಲ್ಲೂ ಇಂತಿಷ್ಟೇ ವಿದ್ಯುದಂಶವನ್ನು ಹಿಡಿದಿಡಬಲ್ಲುದಾಗಿ, ತುಂಬಿದ ಮೇಲೆ ಬಿದ್ದ ಬೆಳಕು ಲೆಕ್ಕಕ್ಕೆ ಬಾರದು, ತೀರ ಕಡಿಮೆ ಬಿದ್ದದ್ದು ಸಂವೇದಕದ ಸ್ವಂತ ಗೊಂದಲದಲ್ಲಿ ಕಳೆದುಹೋಗುವುದು.

ಇಂತಹ ಸಂದರ್ಭದಲ್ಲಿ ಒಂದೇ ಸ್ಥಳದಿಂದ ಎರಡು ಛಾಯಾಚಿತ್ರಗಳನ್ನು, ಕತ್ತಲೆಯ ಭಾಗಕ್ಕೆಂದು ಒಂದನ್ನೂ ಬೆಳಕಿನ ಭಾಗಕ್ಕೆಂದು ಇನ್ನೊಂದನ್ನೂ ತೆಗೆದು, ಎರಡರಲ್ಲಿಯೂ ಗ್ರಾಹ್ಯವಾದುದನ್ನು ಆಯ್ದು ಮೂರನೆಯದೊಂದನ್ನು ರಚಿಸುವ ವಿದ್ಯೆಗೆ ಬಿಂಬಸಮ್ಮಿಲನವೆಂದು ಹೆಸರಿಡಬಹುದು. ಇದರ ಪ್ರಯೋಜನ ದೇವಾಲಯದ ಚಿತ್ರಕ್ಕೆ ಮಾತ್ರ ಮೀಸಲಾದುದಲ್ಲ. ಇರುಳಿನಲ್ಲಿ ಪೊದೆಯ ಹಿಂದಿನ ಮನುಷ್ಯನನ್ನು ಆತನ ಮೈಶಾಖದಿಂದ ಗುರುತಿಸುವ ಅವಗೆಂಪು ಕ್ಯಾಮೆರಾಕ್ಕೆ ಆ ಪೊದೆಯ ಎಲೆಗಳಾಗಲಿ ರಸ್ತೆಯ ಫಲಕವಾಗಲಿ ಸ್ಫುಟವಾಗಿ ಕಾಣುವುದಿಲ್ಲ. ಎಲುಬನ್ನು ಚೆನ್ನಾಗಿ ತೋರಿಸುವ ಸಿ.ಟಿ. ಸ್ಕ್ಯಾನ್ ಮಿದುಳಿನ ಮೃದು ಅಂಗಾಂಶಗಳ ವಿಷಯದಲ್ಲಿ ಎಂ.ಆರ್.ಐ.ಗೆ ಸಾಟಿಯಲ್ಲ. ಒಂದು ಉಪಕರಣದ ಕೊರತೆಯನ್ನು ಮತ್ತೊಂದರಿಂದ ತುಂಬಿಕೊಳ್ಳಬೇಕಾದಲ್ಲೆಲ್ಲ ಈ ವಿದ್ಯೆಗೆ ಕೆಲಸವುಂಟು.

ಎರಡು ಚಿತ್ರಗಳ ಸರಾಸರಿ ತೆಗೆದರೆ ಸಾಲದೆ ಎಂಬ ಪ್ರಶ್ನೆ ಸಹಜವಾದುದು. ಪಿಕ್ಸೆಲ್ಲಿನ ಕಾಂತಿಯನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆಯುವುದು ರೂಢಿ. ಬೆಳಕು ತಗ್ಗಿಸಿದ ಚಿತ್ರದಲ್ಲಿ ಜಾಲಂಧ್ರದ ಕಲ್ಲು 60, ರಂಧ್ರ 140 ಎಂದಿಟ್ಟುಕೊಂಡರೆ ಅವುಗಳ ಅಂತರ 80. ಬೆಳಕು ಹೆಚ್ಚಿದ ಚಿತ್ರದಲ್ಲಿ ಎರಡೂ 255ಕ್ಕೆ ತಲುಪಿ ಅಂತರವೇ ಉಳಿದಿಲ್ಲ. ಸರಾಸರಿಯಲ್ಲಿ ಅವು 157.5, 197.5 ಆಗಿ, ಅಂತರ 40ಕ್ಕೆ ಇಳಿಯುತ್ತದೆ. ಏನನ್ನೂ ಕಾಣದ ಚಿತ್ರಕ್ಕೂ ಕಂಡ ಚಿತ್ರಕ್ಕೂ ಸಮಾನ ಮತಾಧಿಕಾರ ಕೊಟ್ಟುದರ ಫಲವಾಗಿ ಕಂಡದ್ದೂ ಅರ್ಧ ಮಾಸಿತು.

ಆದುದರಿಂದ ಎಲ್ಲಿ ಯಾವ ಚಿತ್ರವನ್ನು ನಂಬಬೇಕೆಂಬ ವಿವೇಕ ಅಗತ್ಯವಾಯಿತು. 1983ರಲ್ಲಿ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಏಡೆಲ್ಸನ್ ಎಂಬವರು, ಚಿತ್ರಗಳನ್ನು ಕಡಿಮೆ ಜಾಗದಲ್ಲಿ ಅಡಕಗೊಳಿಸುವ ಉದ್ದೇಶದಿಂದ, ಲಾಪ್ಲಾಸಿಯನ್ ಪಿರಮಿಡ್ ಎಂಬ ವಿಧಾನವನ್ನು ಪ್ರಕಟಿಸಿದರು. ಕಾಳನ್ನು ಬೇರೆ ಬೇರೆ ಕಣ್ಣಳತೆಯ ಜರಡಿಗಳಲ್ಲಿ ಒಂದಾದ ಮೇಲೊಂದರಂತೆ ಹಾಯಿಸುವ ಹಾಗೆ, ಚಿತ್ರದ ಸೂಕ್ಷ್ಮ ಗೆರೆಗಳನ್ನು ಒಂದು ಪದರದಲ್ಲಿ, ಅದಕ್ಕಿಂತ ದಪ್ಪನೆಯ ಆಕಾರಗಳನ್ನು ಮತ್ತೊಂದರಲ್ಲಿ, ವಿಶಾಲವಾದ ನೆರಳು ಬೆಳಕುಗಳನ್ನು ಕಡೆಯದರಲ್ಲಿ ಬೇರ್ಪಡಿಸುವುದು ಅದರ ಕ್ರಮ. ಎರಡು ಚಿತ್ರಗಳನ್ನೂ ಹೀಗೆ ಬೇರ್ಪಡಿಸಿ, ಪ್ರತಿಯೊಂದು ಪದರದಲ್ಲಿಯೂ ಪ್ರಬಲವಾದುದನ್ನು ಆಯ್ದುಕೊಂಡು ಮರಳಿ ಕೂಡಿಸಿದರೆ ಸಮ್ಮಿಲನ ಸಿದ್ಧಿಸುತ್ತದೆ. 1995ರಲ್ಲಿ ಹುಯಿ ಲಿ, ಬಿ. ಎಸ್. ಮಂಜುನಾಥ್ ಮತ್ತು ಸಂಜಿತ್ ಮಿತ್ರ ಇದೇ ಕಾರ್ಯಕ್ಕೆ ವೇವ್‌ಲೆಟ್ ಗಣಿತವನ್ನು ಬಳಸಿ ಬರೆದ ಪ್ರಬಂಧ ಈ ಕ್ಷೇತ್ರದಲ್ಲಿ ಬಹುಕಾಲ ಆಧಾರವಾಗಿ ನಿಂತಿತು. ಇವರಲ್ಲಿ ಮಂಜುನಾಥರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿ ಅಮೆರಿಕಕ್ಕೆ ಹೋದವರು. ಈ ವಿಧಾನಗಳಲ್ಲೆಲ್ಲ ನಿಯಮವನ್ನು ಬರೆದವನು ಮನುಷ್ಯ. ಪ್ರಬಲವಾದುದು ಸತ್ಯವೆಂದು ಅವನು ಬರೆದರೆ ಯಂತ್ರವೂ ಹಾಗೆಯೇ ನಂಬುತ್ತದೆ, ಆ ಪ್ರಾಬಲ್ಯ ಸಂವೇದಕದ ಗೊಂದಲದಿಂದ ಬಂದುದಾದರೂ ಸರಿಯೆ.

ನಿಯಮವನ್ನು ಬರೆದುಕೊಡದೆ, ಉದಾಹರಣೆಗಳಿಂದ ಯಂತ್ರವೇ ಅದನ್ನು ಕಂಡುಕೊಳ್ಳುವಂತೆ ಮಾಡುವ ಡೀಪ್ ಲರ್ನಿಂಗ್ ಈ ಕ್ಷೇತ್ರವನ್ನು ಪ್ರವೇಶಿಸಿದ್ದು ಕಳೆದ ದಶಕದಲ್ಲಿ. ಅದರ ಮೂಲಸಾಮಗ್ರಿ ಬಹಳ ಸರಳವಾದುದು. ಐದು ಸಾಲು, ಐದು ಕಂಬಸಾಲುಗಳಲ್ಲಿ ಬರೆದ ಇಪ್ಪತ್ತೈದು ಅಂಕಿಗಳ ಒಂದು ಚಿಕ್ಕ ಚೌಕವನ್ನು ಚಿತ್ರದ ಮೇಲೆ ಒಂದೊಂದೇ ಪಿಕ್ಸೆಲ್ಲಿನಷ್ಟು ಸರಿಸುತ್ತ, ಕೆಳಗೆ ಬಿದ್ದ ಪಿಕ್ಸೆಲ್ಲುಗಳೊಡನೆ ಗುಣಿಸಿ ಕೂಡಿಸುತ್ತ ಹೋದರೆ, ಆ ಅಂಕಿಗಳಿಗೆ ತಕ್ಕಂತೆ ಒಮ್ಮೆ ಅಡ್ಡಗೆರೆಗಳು, ಒಮ್ಮೆ ಮೂಲೆಗಳು, ಒಮ್ಮೆ ನುಣುಪಾದ ಪ್ರದೇಶಗಳು ಎದ್ದು ಬರುತ್ತವೆ. ಇಂತಹ ಚೌಕಗಳನ್ನು ಪದರ ಪದರವಾಗಿ ಜೋಡಿಸಿದುದೇ ನ್ಯೂರಲ್ ನೆಟ್‌ವರ್ಕ್. ಮೊದಲಿಗೆ ಅಂಕಿಗಳು ಯಾದೃಚ್ಛಿಕವಾಗಿರುತ್ತವೆ. ಯಂತ್ರ ಕೊಟ್ಟ ಉತ್ತರಕ್ಕೂ ಸರಿಯಾದ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಅಳೆದು, ಅದು ತುಸುವೇ ತಗ್ಗುವ ದಿಕ್ಕಿನಲ್ಲಿ ಪ್ರತಿಯೊಂದು ಅಂಕಿಯನ್ನೂ ತಿದ್ದುತ್ತ, ಇದನ್ನು ಸಹಸ್ರಾರು ಸಲ ಆವರ್ತಿಸಿದ ತರುವಾಯ ಅವು ಒಂದು ಹದಕ್ಕೆ ಬಂದು ನಿಲ್ಲುತ್ತವೆ.

ತೊಡಕು ಇರುವುದು ಆ ಸರಿಯಾದ ಉತ್ತರದಲ್ಲಿಯೇ. ಬೆಕ್ಕಿನ ಚಿತ್ರವನ್ನು ಬೆಕ್ಕೆಂದು ಗುರುತಿಸಲು ಕಲಿಸುವವರ ಬಳಿ, ಮನುಷ್ಯರು ಹೆಸರು ಬರೆದಿಟ್ಟ ಚಿತ್ರಗಳ ರಾಶಿಯಿರುತ್ತದೆ. ಸಮ್ಮಿಲಿತ ಚಿತ್ರವನ್ನು ಜಗತ್ತಿನಲ್ಲಿ ಯಾವ ಕ್ಯಾಮೆರಾವೂ ತೆಗೆದಿಲ್ಲ. ಅವಗೆಂಪನ್ನೂ ಗೋಚರ ಬೆಳಕನ್ನೂ ಒಟ್ಟಿಗೆ ಕಂಡ ಮನುಷ್ಯರ ಕಣ್ಣು ಇಲ್ಲವಾದುದರಿಂದ, ಅದು ಹೇಗೆ ಕಾಣತಕ್ಕುದೆಂದು ಹೇಳಬಲ್ಲವರೂ ಇಲ್ಲ. ನನ್ನ ಮಟ್ಟಿಗೆ ಈ ಸಂಶೋಧನೆಯ ಸ್ವಾರಸ್ಯವೆಲ್ಲ, ನೆಟ್‌ವರ್ಕಿನ ಪದರಗಳೆಷ್ಟು ಎಂಬುದರಲ್ಲಿರದೆ, ಉತ್ತರವಿಲ್ಲದ ಲೆಕ್ಕವನ್ನು ಕಲಿಸಲು ಸಂಶೋಧಕರು ಹೂಡಿದ ಉಪಾಯಗಳಲ್ಲಿದೆ.

ಆ ಉಪಾಯಗಳಲ್ಲಿ ಗಮನಾರ್ಹವಾದುದೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ರೂಪುಗೊಂಡಿತು. ಕೆ. ರಾಮ್ ಪ್ರಭಾಕರ್, ವಿ. ಸಾಯಿ ಶ್ರೀಕರ್ ಮತ್ತು ಆರ್. ವೆಂಕಟೇಶ್ ಬಾಬು 2017ರಲ್ಲಿ ಪ್ರಕಟಿಸಿದ ಆ ಯಂತ್ರದ ಹೆಸರು ಡೀಪ್‌ಫ್ಯೂಸ್. ಅದು ಕೈಗೆತ್ತಿಕೊಂಡ ಸಮಸ್ಯೆ ನಾವು ಬೇಲೂರಿನಲ್ಲಿ ಕಂಡದ್ದೇ, ಒಂದು ಕಪ್ಪಾದ ಚಿತ್ರ, ಒಂದು ಬಿಳುಚಿದ ಚಿತ್ರ. ಉತ್ತರ ಗೊತ್ತಿಲ್ಲದಿದ್ದರೂ ಉತ್ತರದ ಲಕ್ಷಣಗಳು ಗೊತ್ತಿರಬಹುದಷ್ಟೆ ಎಂಬುದು ಅವರ ನೆಲೆ. ಚಿತ್ರದ ಪ್ರತಿಯೊಂದು ಚಿಕ್ಕ ತುಣುಕಿನಲ್ಲಿಯೂ ಮೂರು ಅಂಶಗಳನ್ನು ಬೇರ್ಪಡಿಸಬಹುದು: ಸರಾಸರಿ ಕಾಂತಿ, ಆ ಸರಾಸರಿಯಿಂದ ಪಿಕ್ಸೆಲ್ಲುಗಳು ಎಷ್ಟು ತೀವ್ರವಾಗಿ ಏರಿಳಿಯುತ್ತವೆಂಬ ಪ್ರಮಾಣ, ಮತ್ತು ಆ ಏರಿಳಿತದ ವಿನ್ಯಾಸ. ಎರಡು ಚಿತ್ರಗಳ ಒಂದೇ ಜಾಗದ ತುಣುಕುಗಳಲ್ಲಿ ಯಾವುದರ ಏರಿಳಿತ ಹೆಚ್ಚೋ ಆ ಪ್ರಮಾಣವನ್ನು ತೆಗೆದುಕೊಂಡು, ವಿನ್ಯಾಸಗಳನ್ನು ತೂಕವಿಟ್ಟು ಬೆರೆಸಿದರೆ, ಇರಬೇಕಾದ ತುಣುಕಿನ ಒಂದು ಕಲ್ಪನೆ ದೊರೆಯುತ್ತದೆ. ಯಂತ್ರ ರಚಿಸಿದ ತುಣುಕು ಈ ಕಲ್ಪನೆಗೆ ಎಷ್ಟು ಸಮೀಪವಾಗಿದೆಯೆಂದು ಅಳೆಯುವ ಮಾಪನವನ್ನು ಕೆಡೆ ಮಾ ಮತ್ತು ಸಂಗಡಿಗರು 2015ರಲ್ಲಿ ರೂಪಿಸಿದ್ದರು. ಅದು ಸಿದ್ಧವಾದ ಚಿತ್ರಗಳನ್ನು ಪರೀಕ್ಷಿಸುವ ಸಾಧನ. ಬೆಂಗಳೂರಿನವರು ಪರೀಕ್ಷಕನನ್ನೇ ಪಾಠಕ್ಕೂ ನಿಯಮಿಸಿದರು. ಅಂಕ ಕಡಿಮೆಯಾದಷ್ಟೂ ದೋಷ ಹೆಚ್ಚೆಂದು ಗಣಿಸಿ, ಆ ದೋಷವನ್ನು ಪದರಗಳೊಳಕ್ಕೆ ಹಿಮ್ಮುಖವಾಗಿ ಹರಿಸಿ, ಅಂಕಿಗಳನ್ನು ತಿದ್ದಿದರು.

ಯಂತ್ರದ ರಚನೆಯಲ್ಲಿಯೂ ಒಂದು ಜಾಣ್ಮೆಯುಂಟು. ಎರಡು ಚಿತ್ರಗಳು ಎರಡು ಬಾಗಿಲುಗಳಿಂದ ಒಳಹೊಕ್ಕರೂ, ಎರಡು ದಾರಿಯ ಆರಂಭದ ಪದರಗಳಲ್ಲಿ ಇರುವುದು ಒಂದೇ ಅಂಕಿಗಳು. ಆದಕಾರಣ ಕಪ್ಪು ಚಿತ್ರದಿಂದ ಗೆರೆಯೊಂದು ಯಾವ ಸ್ಥಾನದಲ್ಲಿ ಹೊರಬೀಳುವುದೋ ಬಿಳಿಯದರ ಗೆರೆಯೂ ಅದೇ ಸ್ಥಾನದಲ್ಲಿ ಹೊರಬಿದ್ದು, ಅವೆರಡನ್ನೂ ನೇರವಾಗಿ ಕೂಡಿಸುವುದಕ್ಕೆ ಅಡ್ಡಿಯಿರುವುದಿಲ್ಲ. ಕೂಡಿಸಿದುದರಿಂದ ಮುಂದಿನ ಪದರಗಳು ಚಿತ್ರವನ್ನು ಕಟ್ಟುತ್ತವೆ. ನೆಟ್‌ವರ್ಕಿನೊಳಗೆ ಹೋಗುವುದು ಕಾಂತಿ ಮಾತ್ರ. ಬಣ್ಣಕ್ಕೆ ಹಳೆಯ ಮಾದರಿಯ ಒಂದು ಚಿಕ್ಕ ಸೂತ್ರ ಸಾಕೆಂದು ಅವರು ತೀರ್ಮಾನಿಸಿದರು, ಅದು ಸರಿಯಾಗಿಯೂ ಇತ್ತು. ಇನ್ನೂ ಸೋಜಿಗದ ಸಂಗತಿಯೆಂದರೆ, ಬೆಳಕಿನ ವ್ಯತ್ಯಾಸಕ್ಕೆಂದು ತರಬೇತಾದ ಈ ಯಂತ್ರ, ಮತ್ತಾವ ತಿದ್ದುಪಡಿಯೂ ಇಲ್ಲದೆ, ಒಂದರಲ್ಲಿ ಹತ್ತಿರದ ವಸ್ತುವೂ ಮತ್ತೊಂದರಲ್ಲಿ ದೂರದ ವಸ್ತುವೂ ಸ್ಫುಟವಾಗಿರುವ ಚಿತ್ರಗಳನ್ನು ಸಹ ಬೆಸೆಯಿತು.

ಉತ್ತರದ ಅಭಾವವನ್ನು ನೀಗಿಸಿಕೊಳ್ಳಲು ಬೇರೆಯವರು ಬೇರೆ ಹಾದಿ ಹಿಡಿದರು. ಚೀನಾದ ಹುಯಿ ಲಿ (1995ರ ಪ್ರಬಂಧದವರಲ್ಲ, ಅದೇ ಹೆಸರಿನ ಬೇರೊಬ್ಬರು) ಮತ್ತು ಶಿಯಾವ್‌ಜುನ್ ವು 2018ರಲ್ಲಿ ಹೊರತಂದ ಡೆನ್ಸ್‌ಫ್ಯೂಸ್ ಬೆಸೆಯುವುದನ್ನು ಕಲಿಯುವುದೇ ಇಲ್ಲ. ಸಾಮಾನ್ಯ ಛಾಯಾಚಿತ್ರವನ್ನು ಬಿಡಿಸಿ ಮತ್ತೆ ಹಾಗೆಯೇ ಕಟ್ಟುವುದನ್ನಷ್ಟೇ ಕಲಿಯುತ್ತದೆ, ಇಲ್ಲಿ ಕೊಟ್ಟ ಚಿತ್ರವೇ ಉತ್ತರ. ಕಲಿತಾದ ಮೇಲೆ ಬಿಡಿಸುವುದಕ್ಕೂ ಕಟ್ಟುವುದಕ್ಕೂ ನಡುವೆ ಎರಡು ಚಿತ್ರಗಳನ್ನು ಕೂಡಿಸಿಬಿಡುವುದು. ವುಹಾನ್ ವಿಶ್ವವಿದ್ಯಾಲಯದ ಜಿಯಾಯಿ ಮಾ ಮತ್ತು ಸಂಗಡಿಗರ 2019ರ ಫ್ಯೂಷನ್‌ಗ್ಯಾನ್‌ನಲ್ಲಿ ಎರಡು ನೆಟ್‌ವರ್ಕುಗಳು ಎದುರುಬದುರಾಗುತ್ತವೆ. ಒಂದು ಬೆಸೆದದ್ದನ್ನು ಮತ್ತೊಂದು ನೈಜ ಚಿತ್ರದೊಡನೆ ಹೋಲಿಸಿ ಇದು ಕೃತಕವೆಂದು ಪತ್ತೆಹಚ್ಚಲು ಯತ್ನಿಸುತ್ತದೆ, ಆ ಜಗಳದಲ್ಲಿ ಮೊದಲನೆಯದು ಪಳಗುತ್ತದೆ.

ಉಪಗ್ರಹಚಿತ್ರಗಳ ವಿಷಯದಲ್ಲಿ ಹೂಡಿದ ಉಪಾಯವಂತೂ ಎಲ್ಲಕ್ಕಿಂತ ಚತುರವಾದುದು. 2019ರ ನವೆಂಬರ್ 27ರಂದು ಇಸ್ರೊ ಹಾರಿಸಿದ ಕಾರ್ಟೋಸ್ಯಾಟ್-3ರ ಕಪ್ಪುಬಿಳುಪು ಕ್ಯಾಮೆರಾ ನೆಲದ ಮೇಲಿನ 0.25 ಮೀಟರಿನ ವಿವರವನ್ನು ಕಾಣಬಲ್ಲುದಾದರೆ, ಅದರ ಬಣ್ಣದ ಕ್ಯಾಮೆರಾಕ್ಕೆ ಕಾಣುವುದು ಸುಮಾರು 1 ಮೀಟರಿನಷ್ಟು. ಬೆಳಕನ್ನು ಬಣ್ಣ ಬಣ್ಣವಾಗಿ ಸೀಳಿದಾಗ ಪ್ರತಿಯೊಂದರ ಪಾಲಿಗೂ ಬರುವುದು ಸ್ವಲ್ಪವೇ ಆದುದರಿಂದ ಪಿಕ್ಸೆಲ್ಲನ್ನು ಹಿಗ್ಗಿಸದೆ ವಿಧಿಯಿಲ್ಲ. ಈ ಎರಡನ್ನು ಬೆಸೆದು ಸೂಕ್ಷ್ಮವೂ ವರ್ಣಮಯವೂ ಆದ ಚಿತ್ರವನ್ನು ಪಡೆಯಬೇಕು, ಅಂತಹುದು ಎಲ್ಲಿಯೂ ಇಲ್ಲ. ಫ್ರಾನ್ಸಿನ ಲೂಸಿಯೆನ್ ವಾಲ್ಡ್ ಮತ್ತು ಜತೆಗಾರರು 1997ರಲ್ಲಿ ಸೂಚಿಸಿದ ಹಾದಿ ಹೀಗಿದೆ: ಎರಡು ಚಿತ್ರಗಳನ್ನೂ ಬೇಕೆಂದೇ ನಾಲ್ಕು ಪಟ್ಟು ಒರಟಾಗಿಸಿ ಬೆಸೆಯಿರಿ, ಆಗ ಬರಬೇಕಾದ ಉತ್ತರ ನಿಮ್ಮ ಕೈಯಲ್ಲಿರುವ ಮೂಲ ಬಣ್ಣದ ಚಿತ್ರವೇ ಆಗಿರುತ್ತದೆ. ನೇಪಲ್ಸಿನ ಸಂಶೋಧಕರು 2016ರಲ್ಲಿ ತಮ್ಮ ನೆಟ್‌ವರ್ಕಿಗೆ ಕಲಿಸಿದ್ದು ಈ ರೀತಿಯಲ್ಲಿಯೇ. ಒರಟು ಅಳತೆಯಲ್ಲಿ ಸಂದದ್ದು ಸೂಕ್ಷ್ಮ ಅಳತೆಯಲ್ಲಿಯೂ ಸಲ್ಲುತ್ತದೆಂಬ ನಂಬಿಕೆಯೊಂದು ಇದರ ಅಡಿಯಲ್ಲಿದೆ. ನಗರದ ಇಕ್ಕಟ್ಟಾದ ಮನೆಗಳ ಮೇಲೆ ಅದು ಎಷ್ಟು ದೃಢವಾಗಿ ನಿಲ್ಲುತ್ತದೆಂಬುದು ವಿಚಾರಣೀಯ.

ಇಷ್ಟೆಲ್ಲ ಸಾಧಿಸಿದ ಯಂತ್ರಗಳಲ್ಲಿ ಉತ್ತಮವಾದುದು ಯಾವುದೆಂದು ಕೇಳಿದರೆ ಸಮಾಧಾನಕರವಾದ ಉತ್ತರ ದೊರೆಯುವುದಿಲ್ಲ. ಅಳೆಯುವ ಮಾಪನಗಳು ಹತ್ತಾರಿದ್ದು, ಒಂದರಲ್ಲಿ ಗೆದ್ದದ್ದು ಮತ್ತೊಂದರಲ್ಲಿ ಸೋಲುತ್ತದೆ; ಚಿತ್ರದಲ್ಲಿ ಗೊಂದಲ ಹೆಚ್ಚಿದರೆ ಎಂಟ್ರೊಪಿಯೆಂಬ ಮಾಪನದ ಅಂಕವೂ ಹೆಚ್ಚುವುದನ್ನು ಕಂಡರೆ ಅದರ ಮೇಲಿನ ವಿಶ್ವಾಸ ಕುಗ್ಗದಿರದು. ಇದಕ್ಕಿಂತ, ಬೆಸೆದ ಚಿತ್ರದಲ್ಲಿ ಪಾದಚಾರಿಗಳನ್ನೂ ವಾಹನಗಳನ್ನೂ ಮತ್ತೊಂದು ಯಂತ್ರ ಎಷ್ಟು ನಿಖರವಾಗಿ ಗುರುತಿಸಬಲ್ಲದೆಂದು ನೋಡುವ, 2022ರಿಂದೀಚೆಗೆ ಪ್ರಬಲವಾಗುತ್ತಿರುವ ಕ್ರಮ ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ, ಏಕೆಂದರೆ ಅಲ್ಲಿ ಉತ್ತರವೊಂದು ನಿಜವಾಗಿಯೂ ಇದೆ.

ಆದರೆ ರೋಗಿಯ ಮಿದುಳಿನ ಚಿತ್ರದಲ್ಲಿ ಆ ಸೌಕರ್ಯವಿಲ್ಲ. ನೈಜವೆಂದು ನಂಬಿಸಲು ಪಳಗಿದ ಯಂತ್ರ, ಎರಡು ಸ್ಕ್ಯಾನುಗಳಲ್ಲಿಯೂ ಇಲ್ಲದ ಗೆರೆಯೊಂದನ್ನು ಎಳೆದೀತು, ಇದ್ದ ಕಲೆಯೊಂದನ್ನು ನುಣುಪಾಗಿಸೀತು; ಅದನ್ನು ಹಿಡಿಯಲು ಮೂಲಚಿತ್ರಗಳನ್ನು ಬಿಟ್ಟರೆ ಬೇರೆ ಸಾಕ್ಷ್ಯವಿಲ್ಲ. ಬೆಸೆದ ಚಿತ್ರವನ್ನು ಮುಂದಿಟ್ಟು ಯಾರಾದರೂ ನಿಮಗೆ ನಿರ್ಣಯ ಹೇಳಿದಾಗ, ಅದು ಯಾವ ಎರಡರಿಂದ ಬಂದಿತೋ ಆ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿರೆಂದು ಕೇಳಿ.