ಊರು ಬಿಟ್ಟವರೂ ಬೆಳಗಿನ ಮಾಂಸವೂ

ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದಿ ಅರಣ್ಯದಲ್ಲಿ ಸಂಚರಿಸುತ್ತಿದ್ದಾಗ, ತಾವು ಹಿಂದೆ ತಿನ್ನುತ್ತಿದ್ದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನಸಿಕೊಂಡು ಅತ್ತರೆಂಬ ವೃತ್ತಾಂತವು ಅರಣ್ಯಕಾಂಡದ ೧೧ನೆಯ ಅಧ್ಯಾಯದಲ್ಲಿ ಉಂಟಷ್ಟೆ. ಆದಿತ್ಯವಾರದ ಶಾಲೆಯಲ್ಲಿ ಈ ಪಾಠವನ್ನು ಹೇಳಿಕೊಡುವಾಗ ಅವರ ಕೃತಘ್ನತೆಯೊಂದನ್ನೇ ಎತ್ತಿ ತೋರಿಸುವದು ನಮ್ಮ ವಾಡಿಕೆ. ಆದರೆ ಇಟ್ಟಿಗೆ ಹೊತ್ತ ಕಷ್ಟವು ಮರೆತುಹೋಗಿ ಬೆಳ್ಳುಳ್ಳಿಯ ರುಚಿಯು ಮಾತ್ರ ನೆನಪಿನಲ್ಲಿ ನಿಂತಿತೆಂಬದು ಆಲೋಚಿಸತಕ್ಕ ವಿಷಯವೇ ಸರಿ. ನಮ್ಮ ಶಾಲೆಯಲ್ಲಿ ಓದಿ, ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದೂರದ ಊರುಗಳಿಗೆ ಹೋಗಿರುವ ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಸಮುದ್ರ ದಾಟಿ ಹೋದವರಿಗೆ ಊರಿನ ಆಹಾರ ಸಿಕ್ಕದಿರುವದು ಆಶ್ಚರ್ಯವಲ್ಲ. ಆದರೆ ಒಂದೇ ದೇಶದೊಳಗೆ, ಒಂದೇ ಭಾಷೆಯನ್ನೂ ಒಂದೇ ನಾಣ್ಯವನ್ನೂ ಬಿಡದೆ, ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದ ಮಾತ್ರಕ್ಕೆ ಬೆಳಗಿನ ತಟ್ಟೆಯೇ ಬದಲಾಗಿಬಿಡುವದುಂಟು. ಇದಕ್ಕೆ ಅಮೇರಿಕದ ಸಂಯುಕ್ತ ಸಂಸ್ಥಾನಗಳಿಗಿಂತ ಒಳ್ಳೇ ದೃಷ್ಟಾಂತ ಬೇರೊಂದು ನನಗೆ ತೋಚದು. ಪೆನ್ಸಿಲ್ವೇನಿಯದಿಂದ ಕ್ಯಾಲಿಫೋರ್ನಿಯಕ್ಕೆ ಉದ್ಯೋಗಕ್ಕಾಗಿ ಹೋದವನನ್ನು ಪರದೇಶಿಯೆಂದು ಯಾರೂ ಕನಿಕರಿಸುವದಿಲ್ಲ. ಆದರೂ ಅಲ್ಲಿಯ ಅಂಗಡಿಯವನಿಗೆ ಅವನು ಕೇಳುವ ಪದಾರ್ಥದ ಹೆಸರೇ ತಿಳಿದಿರುವದಿಲ್ಲ.

ಆ ಪದಾರ್ಥದ ಹೆಸರು ಸ್ಕ್ರಾಪಲ್. ತುಣುಕು ಎಂಬರ್ಥದ ಇಂಗ್ಲಿಷ್ ಮಾತಿನಿಂದ ಆ ಹೆಸರು ಬಂದಿದೆ. ೧೬೮೩ರಲ್ಲಿ ಜರ್ಮನಿಯ ಕ್ರೇಫೆಲ್ಡ್ ಪಟ್ಟಣದ ಕುಟುಂಬಗಳು ಫಿಲಡೆಲ್ಫಿಯದ ಮಗ್ಗುಲಲ್ಲಿ ಜರ್ಮನ್‌ಟೌನ್ ಎಂಬ ಊರನ್ನು ಕಟ್ಟಿದವು. ಅವರ ಹಿಂದೆ ಆ ದೇಶದವರು ಸಾವಿರಾರು ಮಂದಿ ಪೆನ್ಸಿಲ್ವೇನಿಯಕ್ಕೆ ಬಂದು ನೆಲಸಿದರು. ಕ್ರೇಫೆಲ್ಡಿನ ಸೀಮೆಯಲ್ಲಿ ಹಂದಿಯನ್ನು ಕಡಿದ ದಿನ, ಮಾಂಸ ಬೇಯಿಸಿದ ರಸಕ್ಕೆ ಬಕ್‌ವ್ಹೀಟ್ ಹಿಟ್ಟನ್ನು ತಿರುವಿ ಪಾನ್‌ಹಾಸ್ ಎಂಬ ಗಟ್ಟಿಯನ್ನು ಮಾಡುವ ಪದ್ಧತಿಯಿತ್ತು. ಬಕ್‌ವ್ಹೀಟ್ ಅಂದರೆ ಉತ್ತರ ಹಿಂದುಸ್ಥಾನದವರು ಉಪವಾಸದ ದಿನ ತಿನ್ನುವ ಕುಟ್ಟು. ಹೊಸ ದೇಶದಲ್ಲಿ ಮೆಕ್ಕೆಜೋಳವು ಹೇರಳವಾಗಿ ಬೆಳೆಯುತ್ತಿದ್ದದರಿಂದ ಅದರ ತರಿಯೂ ಅದಕ್ಕೆ ಸೇರಿಕೊಂಡಿತು. ಹೀಗೆ ಹಳೇ ದೇಶದ ಅಡಿಗೆಗೆ ಹೊಸ ದೇಶದ ಧಾನ್ಯ ಕೂಡಿ ಮೂರನೆಯದೊಂದು ಪದಾರ್ಥ ಹುಟ್ಟಿತು. ಕಾಲಕ್ರಮದಲ್ಲಿ ಅದು ಮಾರಾಟದ ಸರಕಾಯಿತು. ೧೮೬೩ರಲ್ಲಿ ಆರಂಭವಾದ ಹ್ಯಾಬರ್ಸೆಟ್ ಎಂಬ ಹೆಸರೂ, ೧೯೨೬ರಲ್ಲಿ ಡೆಲವೇರ್ ಸಂಸ್ಥಾನದ ಬ್ರಿಡ್ಜ್‌ವಿಲ್ ಊರಿನಲ್ಲಿ ಆರಂಭವಾದ ರಾಪ ಎಂಬ ಹೆಸರೂ ಆ ಸೀಮೆಯಲ್ಲಿ ಮನೆಮಾತು.

ಇದನ್ನು ಮಾಡುವ ಕ್ರಮದಲ್ಲಿ ಗೃಹಕೃತ್ಯಶಾಸ್ತ್ರದ ಪಾಠವೊಂದು ಅಡಗಿರುವದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಂದಿಯ ತೊಡೆಮಾಂಸವನ್ನು ಉಪ್ಪಿನಲ್ಲಿಟ್ಟು, ಕೊಬ್ಬನ್ನು ಕರಗಿಸಿ ತೆಗೆದಿಟ್ಟ ಮೇಲೆ, ತಲೆ, ಗುಂಡಿಗೆ, ಯಕೃತ್ತು, ಮೂಳೆಗೆ ಅಂಟಿಕೊಂಡ ಚೂರುಪಾರು ಇವು ಉಳಿಯುತ್ತವೆ. ಇವುಗಳನ್ನೆಲ್ಲ ದೊಡ್ಡ ಹಂಡೆಯಲ್ಲಿ ಹಾಕಿ, ಮಾಂಸವು ಮೂಳೆಯಿಂದ ತಾನಾಗಿ ಬಿಟ್ಟುಬರುವ ವರೆಗೆ ಕುದಿಸಬೇಕು. ಹೀಗೆ ಬಹಳ ಹೊತ್ತು ಕುದಿದಾಗ ಚರ್ಮದಲ್ಲಿಯೂ ಮೂಳೆಯ ಕೀಲುಗಳಲ್ಲಿಯೂ ಇರುವ ಒಂದು ದ್ರವ್ಯವು ಕರಗಿ ಜೆಲಟಿನ್ ಎಂಬ ಅಂಟಾಗುತ್ತದೆ. ಮೂಳೆಯನ್ನು ಆರಿಸಿ ತೆಗೆದು, ಮಾಂಸವನ್ನು ಸಣ್ಣಗೆ ಕೊಚ್ಚಿ ರಸಕ್ಕೆ ತಿರುಗಿ ಸೇರಿಸಿ, ಹಿಟ್ಟನ್ನೂ ತರಿಯನ್ನೂ ಉದುರಿಸುತ್ತ ಗಂಟಾಗದಂತೆ ತಿರುವುತ್ತಿರಬೇಕು. ನಮ್ಮ ಹೆಣ್ಣುಮಕ್ಕಳು ಮುದ್ದೆಯನ್ನು ತೊಳಸುವಾಗ ಕೈಗೆ ಬೀಳುವಷ್ಟೇ ಶ್ರಮ ಇದರಲ್ಲಿಯೂ ಬೀಳುತ್ತದೆ. ಹಿಟ್ಟಿನಲ್ಲಿರುವ ಪಿಷ್ಟವು ನೀರನ್ನು ಹೀರಿ ಉಬ್ಬಿ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದಾಗ ಮೆಣಸು, ಉಪ್ಪು, ಸೇಜ್ ಎಂಬ ಸುವಾಸನೆಯ ಎಲೆ ಇವುಗಳನ್ನು ಹಾಕಿ, ಚೌಕದ ಪಾತ್ರೆಗಳಿಗೆ ಸುರಿದು ತಣ್ಣಗಿನ ಸ್ಥಳದಲ್ಲಿಡುವರು. ಮರುದಿನ ಅದು ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿ ಕತ್ತಿಗೆ ಬರುತ್ತದೆ.

ಇದರಲ್ಲಿ ಎರಡು ಬಂಧಗಳು ಕೆಲಸ ಮಾಡುತ್ತವೆಂಬದನ್ನು ಗಮನಿಸಬೇಕು. ತಣ್ಣಗಿರುವಾಗ ಜೆಲಟಿನ್ ಅದನ್ನು ಹಿಡಿದುಕೊಂಡಿರುತ್ತದೆ. ಕಾವಲಿಯ ಮೇಲೆ ಬಿದ್ದೊಡನೆ ಜೆಲಟಿನ್ ಕರಗುತ್ತದೆ; ಆಗ ಬಿಲ್ಲೆಯನ್ನು ಒಡೆಯದಂತೆ ಕಾಯುವದು ಪಿಷ್ಟವೇ. ಆದಕಾರಣ ಹಿಟ್ಟು ಸಾಲದೆ ಹೋದರೆ ಬಿಲ್ಲೆ ಕಾವಲಿಯಲ್ಲಿ ಗಂಜಿಯಾಗುತ್ತದೆ; ಹೆಚ್ಚಾದರೆ ಮಾಂಸದ ರುಚಿಯೇ ಇರುವದಿಲ್ಲ. ಅಮೇರಿಕದ ಕೇಂದ್ರ ಸರಕಾರದ ನಿಯಮದಲ್ಲಿಯೂ ಸ್ಕ್ರಾಪಲ್ ಎಂದು ಮಾರುವ ಪದಾರ್ಥದಲ್ಲಿ ಮೂಳೆಯನ್ನು ಬಿಟ್ಟು ನೂರಕ್ಕೆ ೪೦ ಪಾಲಿಗಿಂತ ಕಡಿಮೆಯಿಲ್ಲದೆ ಮಾಂಸ ಮತ್ತು ಅದರ ಉಪಪದಾರ್ಥ ಇರಬೇಕೆಂದು ವಿಧಿಸಿದ್ದಾರೆ. ಕೆಲವರು ಇದನ್ನು ಸೇಬಿನ ಹಣ್ಣನ್ನು ಲೇಹ್ಯದಂತೆ ಕುದಿಸಿದ ಪಾಕದೊಂದಿಗೂ, ಕೆಲವರು ಟೊಮೇಟೊ ಗೊಜ್ಜಿನೊಂದಿಗೂ ತಿನ್ನುವರು. ಯಾವದು ಸರಿ ಎಂಬ ವಿಷಯದಲ್ಲಿ ಒಂದೇ ಮನೆಯೊಳಗೆ ಒಮ್ಮತವಿಲ್ಲ.

ಈ ಜರ್ಮನರು ಹದಿನೆಂಟನೆಯ ಶತಮಾನದಲ್ಲಿ ಬಂಡಿಗಳನ್ನು ಹೂಡಿಕೊಂಡು ಬೆಟ್ಟಗಳ ತಪ್ಪಲಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಉತ್ತರ ಕೆರೋಲಿನದ ವರೆಗೂ ಇಳಿದರು. ಅಲ್ಲಿಯ ಪಶ್ಚಿಮ ಭಾಗದಲ್ಲಿ ಲಿವರ್‌ಮಷ್ ಎಂಬದುಂಟು. ಯಕೃತ್ತಿನ ಪಾಲು ಹೆಚ್ಚು, ಮೆಕ್ಕೆಜೋಳದ ತರಿ, ಸೇಜ್, ಮೆಣಸು. ಷೆಲ್ಬಿ ಎಂಬ ಊರಿನವರಿಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ ಅದರ ಹೆಸರಿನಲ್ಲಿ ಉತ್ಸವವನ್ನೇ ಮಾಡುತ್ತಾರೆ. ಓಹಾಯೋ ನದಿಯ ತೀರದ ಸಿನ್ಸಿನಾಟಿಯಲ್ಲಾದರೋ ಗೆಟ್ಟಾ ಎಂಬದು ಪ್ರಸಿದ್ಧ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪಟ್ಟಣದಲ್ಲಿ ಹಂದಿಯ ಮಾಂಸದ ವ್ಯಾಪಾರ ವಿಪರೀತವಾಗಿದ್ದದರಿಂದ ಅದಕ್ಕೆ ಹಂದಿಪಟ್ಟಣವೆಂದು ಅಡ್ಡಹೆಸರೇ ಬಿದ್ದಿತ್ತು. ಅಲ್ಲಿ ನೆಲಸಿದವರು ಜರ್ಮನಿಯ ವಾಯವ್ಯ ಭಾಗದವರು. ಅವರು ಮೆಕ್ಕೆಜೋಳಕ್ಕೆ ಬದಲಾಗಿ ಒಡೆದ ಓಟ್ಸ್ ಕಾಳನ್ನು ಹಂದಿಯ ಮತ್ತು ದನದ ಮಾಂಸದೊಂದಿಗೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದರು. ಸಿನ್ಸಿನಾಟಿಯವರಿಗೆ ಸ್ಕ್ರಾಪಲ್ ಕೊಟ್ಟರೆ ಇದು ನಮ್ಮದಲ್ಲವೆನ್ನುವರು. ಫಿಲಡೆಲ್ಫಿಯದವರಿಗೆ ಗೆಟ್ಟಾ ಕೊಟ್ಟರೂ ಅದೇ ಉತ್ತರ. ನೋಡುವವರ ಕಣ್ಣಿಗೆ ಎರಡೂ ಒಂದೇ ಬಣ್ಣದ ಬಿಲ್ಲೆಗಳು.

ನ್ಯೂಜೆರ್ಸಿಯ ಪದಾರ್ಥ ಬೇರೆ ಜಾತಿಯದು. ಟ್ರೆಂಟನ್ ಪಟ್ಟಣದ ಜಾನ್ ಟೇಲರ್ ಎಂಬವನು ೧೮೫೬ರಲ್ಲಿ ಹಂದಿಯ ಮಾಂಸವನ್ನು ಕೊಚ್ಚಿ, ಉಪ್ಪು ಮಸಾಲೆಗಳಲ್ಲಿ ಹದಮಾಡಿ, ಬಟ್ಟೆಯ ಚೀಲದಲ್ಲಿ ತುಂಬಿ ಹೊಗೆಯಲ್ಲಿಟ್ಟು ಮಾರಲಾರಂಭಿಸಿದನು. ಅದಕ್ಕೆ ಹ್ಯಾಮ್ ಎಂದು ಹೆಸರಿಟ್ಟನು. ಹ್ಯಾಮ್ ಎಂದರೆ ಇಡೀ ತೊಡೆಯ ಮಾಂಸ. ೧೯೦೬ರಲ್ಲಿ ಆಹಾರ ಶುದ್ಧಿಯ ಕಾನೂನು ಜಾರಿಗೆ ಬಂದಾಗ ಕೊಚ್ಚಿದ ಮಾಂಸಕ್ಕೆ ಆ ಹೆಸರು ಸಲ್ಲದೆಂದಾಗಿ, ಪೋರ್ಕ್ ರೋಲ್ ಎಂಬ ಹೆಸರು ಬಂತು. ಕಾನೂನು ಚೀಟಿಯ ಮೇಲಿನ ಹೆಸರನ್ನು ಬದಲಿಸಿತೇ ಹೊರತು ಬಾಯಲ್ಲಿದ್ದ ಹೆಸರನ್ನು ಬದಲಿಸಲಾರದೆ ಹೋಯಿತು. ಈಗಲೂ ಆ ಸಂಸ್ಥಾನದ ಉತ್ತರ ಭಾಗದವರು ಟೇಲರ್ ಹ್ಯಾಮ್ ಎಂದೂ ದಕ್ಷಿಣದವರು ಪೋರ್ಕ್ ರೋಲ್ ಎಂದೂ ಹೇಳಿ ವಾದಿಸುವರು. ೨೦೧೬ರ ಮೇ ತಿಂಗಳಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯದ ಘಟಿಕೋತ್ಸವಕ್ಕೆ ಬಂದ ಆಗಿನ ಅಧ್ಯಕ್ಷ ಬರಾಕ್ ಒಬಾಮರವರು ಸಹ ಈ ವಿವಾದವನ್ನು ಪ್ರಸ್ತಾಪಿಸಿ ಸಭೆಯನ್ನು ನಗಿಸಿದರು. ಇದರ ಬಿಲ್ಲೆಯನ್ನು ಹುರಿಯುವಾಗ ಅಂಚು ಮುದುರಿ ಬಟ್ಟಲಿನಂತಾಗುವದರಿಂದ ಮೊದಲೇ ಅಂಚಿಗೆ ಕತ್ತಿಯಿಂದ ಗೀರು ಹಾಕುವರು. ಆ ಗೀರನ್ನು ಹಾಕದೆ ಬಡಿಸಿದರೆ ಮಾಡಿದವರು ಆ ಊರಿನವರಲ್ಲವೆಂದು ತಿಳಿದುಬಿಡುವದು.

ಇಷ್ಟು ಇಷ್ಟವಾದ ವಸ್ತುಗಳು ದೇಶದಲ್ಲೆಲ್ಲ ಏಕೆ ಹರಡಲಿಲ್ಲ? ಹಂದಿಯ ಬೇಕನ್ ಮತ್ತು ಸಾಸೇಜು ಎಲ್ಲಾ ಕಡೆಯೂ ಸಿಕ್ಕುತ್ತವೆ. ಇವು ಮಾತ್ರ ಹುಟ್ಟಿದ ಊರನ್ನು ಬಿಟ್ಟು ಕದಲವು. ಸ್ಕ್ರಾಪಲ್ಲಿನಂಥ ಪದಾರ್ಥದಲ್ಲಿ ನೀರಿನ ಅಂಶ ಹೆಚ್ಚು, ಉಪ್ಪು ಕಡಿಮೆ. ಆದಕಾರಣ ಬೇಗ ಕೆಡುತ್ತದೆ. ನೀರ್ಗಲ್ಲಾಗುವಂತೆ ಮಾಡಿ ಕಳುಹಿಸಿದರೆ, ಕರಗಿದ ಮೇಲೆ ಪಿಷ್ಟವು ಹಿಡಿದಿದ್ದ ನೀರನ್ನು ಬಿಟ್ಟುಕೊಟ್ಟು ಬಿಲ್ಲೆ ಮೆತ್ತಗಾಗುವದುಂಟು. ಕಾನೂನಿನ ತೊಡಕೂ ಇದೆ. ಕೆಲವು ಸಂಸ್ಥಾನಗಳಲ್ಲಿ ಸಣ್ಣ ಕಟುಕರು ತಮ್ಮ ಸಂಸ್ಥಾನದ ಪರೀಕ್ಷೆಗೆ ಮಾತ್ರ ಒಳಪಟ್ಟಿರುವರು. ಅಂಥವರು ಮಾಡಿದ ಮಾಂಸವನ್ನು, ವಿಶೇಷ ಏರ್ಪಾಡಿಗೆ ಸೇರಿದವರ ಹೊರತು, ಸಂಸ್ಥಾನದ ಗಡಿ ದಾಟಿಸಿ ಮಾರುವಂತಿಲ್ಲ. ಒಳ್ಳೇ ರುಚಿಯಿರುವದು ಬಹುಮಟ್ಟಿಗೆ ಇಂಥ ಸಣ್ಣ ಅಂಗಡಿಗಳಲ್ಲಿಯೇ ಎಂಬದು ತಿಂದವರ ಮಾತು.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆಯದು. ತಲೆ, ಗುಂಡಿಗೆ, ಯಕೃತ್ತು ಎಂಬ ಹೆಸರುಗಳನ್ನು ಚೀಟಿಯಲ್ಲಿ ಓದಿದೊಡನೆ, ಹುಟ್ಟಿನಿಂದ ತಿನ್ನದವರು ಮೂಗು ಮುರಿಯುವರು. ತಿನ್ನುವವರು ಸಹ ಹೊಸಬರೆದುರಿಗೆ ಇದರೊಳಗೆ ಏನಿದೆಯೆಂದು ಕೇಳಬೇಡಿರೆಂದು ತಾವೇ ನಗೆಯಾಡಿ ನಾಚಿಕೆಯನ್ನು ಮುಚ್ಚಿಕೊಳ್ಳುವರು. ನನ್ನ ಅಭಿಪ್ರಾಯದಲ್ಲಿ ಇದು ನಾಚತಕ್ಕ ಸಂಗತಿಯಲ್ಲ. ವರ್ಷಕ್ಕೊಮ್ಮೆ ಚಳಿಗಾಲದ ಪ್ರಾರಂಭದಲ್ಲಿ ಹಂದಿಯನ್ನು ಕಡಿದು ವರ್ಷವೆಲ್ಲಾ ಸಂಸಾರ ತೂಗಿಸಿದ ಒಕ್ಕಲಿನ ಹೆಂಗಸರು ಒಂದು ಚೂರನ್ನೂ ವ್ಯರ್ಥಮಾಡದೆ ಕಂಡುಹಿಡಿದ ಪಾಕವಿದು. ನಮ್ಮ ಶಾಲೆಯ ಊಟದ ಕೊಠಡಿಯಲ್ಲಿಯೂ ಇದೇ ಸಂಕಟವನ್ನು ನಾನು ನೋಡುತ್ತೇನೆ. ಮನೆಯಿಂದ ಒಣಮೀನಿನ ಚಟ್ನಿಯನ್ನು ತಂದ ಹುಡುಗಿಯು ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದು, ಗೋಡೆಯ ಕಡೆಗೆ ತಿರುಗಿ ಕುಳಿತು ತಿನ್ನುವಳು. ಮಾಂಸಾಹಾರವನ್ನೇ ಮುಟ್ಟದ ಮನೆತನಗಳ ಮಕ್ಕಳೂ ನಮ್ಮಲ್ಲಿ ಅನೇಕರಿದ್ದಾರೆ. ಅವರ ನಿಯಮಕ್ಕೆ ಬೇರೆ ಪಂಕ್ತಿಯ ಏರ್ಪಾಡುಂಟು, ಅದು ನ್ಯಾಯವೇ. ಆದರೆ ಇನ್ನೊಬ್ಬಳ ಡಬ್ಬಿಯನ್ನು ನೋಡಿ ಛೀ ಎನ್ನುವದಕ್ಕೆ ಈ ಶಾಲೆಯಲ್ಲಿ ಅಪ್ಪಣೆಯಿಲ್ಲ. ಒಂದು ದಿನ ಗೋಡೆಗೆ ಮುಖಮಾಡಿ ತಿಂದವಳು ಮರುವರ್ಷ ಅದನ್ನು ತರುವದನ್ನೇ ಬಿಡುವಳು; ತಾಯಿಯಿಂದ ಅದನ್ನು ಮಾಡುವ ಕ್ರಮವನ್ನೂ ಕಲಿಯುವದಿಲ್ಲ.

ಬೆಳಗಿನ ಆಹಾರವೇ ಹೆಚ್ಚಾಗಿ ಏಕೆ ನೆನಪಾಗುತ್ತದೆಂಬದಕ್ಕೂ ಕಾರಣವುಂಟು. ಮಧ್ಯಾಹ್ನಕ್ಕೂ ರಾತ್ರಿಗೂ ನಾವು ಬದಲಾವಣೆಯನ್ನು ಬಯಸುತ್ತೇವೆ. ಬೆಳಿಗ್ಗೆಯಾದರೋ ನಿನ್ನೆ ತಿಂದದ್ದೇ ಇಂದೂ ಇರಲಿ ಎನ್ನುವವರೇ ಹೆಚ್ಚು. ಅಲ್ಲದೆ ಮೂಗಿನಿಂದ ಹೊರಟ ನರಗಳು ಮೆದುಳಿನಲ್ಲಿ ಜ್ಞಾಪಕಕ್ಕೂ ಮನೋವಿಕಾರಕ್ಕೂ ಸಂಬಂಧಪಟ್ಟ ಭಾಗಗಳಿಗೆ ಅತಿ ಸಮೀಪವಾಗಿ ಹೋಗಿ ಸೇರುತ್ತವೆ. ನಿದ್ರೆ ತಿಳಿಯುವ ಹೊತ್ತಿಗೆ ಅಡಿಗೆಮನೆಯಿಂದ ಬರುವ ವಾಸನೆಯು ತಾಯಿಯ ಧ್ವನಿಗಿಂತ ಮೊದಲು ಮಗುವನ್ನು ಮುಟ್ಟುತ್ತದೆ.

ಊರು ಬಿಟ್ಟವರಲ್ಲಿ ಅನುಕೂಲಸ್ಥರು ಅಂಚೆಯ ಮೂಲಕ ತರಿಸುವರು. ಒಣ ಮಂಜುಗಡ್ಡೆಯೆಂದರೆ ಸೊನ್ನೆಗೆ ೭೮ ಡಿಗ್ರಿ ಕೆಳಗಿರುವ ಗಟ್ಟಿ ಇಂಗಾಲಾಮ್ಲ ವಾಯು. ಅದನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವರು. ಎಷ್ಟೋ ಸಾರಿ ಪೆಟ್ಟಿಗೆಯ ಮತ್ತು ಸಾಗಣೆಯ ಖರ್ಚು ಮಾಂಸದ ಕ್ರಯವನ್ನು ಮೀರುವದು. ಸ್ಕಾಟ್ಲೆಂಡಿನಿಂದ ಅಮೇರಿಕಕ್ಕೆ ಹೋದವರಿಗಾದರೋ ಹಣವಿದ್ದರೂ ದಾರಿಯಿಲ್ಲ. ಅವರ ಹ್ಯಾಗಿಸ್ ಎಂಬ ಪದಾರ್ಥದಲ್ಲಿ ಕುರಿಯ ಗುಂಡಿಗೆ, ಯಕೃತ್ತುಗಳ ಜೊತೆಗೆ ಶ್ವಾಸಕೋಶವೂ ಸೇರಿರುತ್ತದೆ. ೧೯೭೧ರಿಂದ ಅಮೇರಿಕದಲ್ಲಿ ಪಶುಗಳ ಶ್ವಾಸಕೋಶವನ್ನು ಮನುಷ್ಯರ ಆಹಾರಕ್ಕೆ ಉಪಯೋಗಿಸಕೂಡದೆಂಬ ನಿರ್ಬಂಧ ಬಂತು. ಶ್ವಾಸಕೋಶವಿಲ್ಲದೆ ಮಾಡಿದ್ದನ್ನು ತಿಂದು, ಅದು ತಮ್ಮದಲ್ಲವೆಂದು ನಿಟ್ಟುಸಿರು ಬಿಡುವರು.

ನಮ್ಮ ಕೊಡಗಿನವರು ಈ ವಿಷಯದಲ್ಲಿ ಅದೃಷ್ಟಶಾಲಿಗಳು. ಪಂದಿಕರಿಯ ಜೀವವಿರುವದು ಕಾಚಂಪುಳಿಯಲ್ಲಿ. ಹಣ್ಣಿನ ರಸವನ್ನು ಕಪ್ಪಗೆ ಇಂಗುವ ತನಕ ಕಾಸಿದ ಆ ಹುಳಿಯು ವರ್ಷಗಟ್ಟಲೆ ಕೆಡುವದಿಲ್ಲ. ಬೊಂಬಾಯಿಗೆ ಹೋದರೂ ಲಂಡನ್ನಿಗೆ ಹೋದರೂ ಒಂದು ಸೀಸೆ ಜೊತೆಗಿದ್ದರೆ ಅಲ್ಲಿಯ ಮಾಂಸಕ್ಕೆ ಈ ಊರಿನ ರುಚಿಯನ್ನು ಕೊಡಬಹುದು. ಮಂಗಳೂರಿನ ಕ್ರೈಸ್ತರ ಬಫಾತ್ ಪುಡಿಯೂ ಹೀಗೆಯೇ ಪ್ರಯಾಣ ಮಾಡುತ್ತದೆ. ರುಚಿಯು ಸಂಬಾರದಲ್ಲಿದ್ದರೆ ಪೆಟ್ಟಿಗೆಯಲ್ಲಿ ಕೊಂಡೊಯ್ಯಬಹುದು. ಸ್ಕ್ರಾಪಲ್ಲಿನಂತೆ ಪದಾರ್ಥದ ಹದದಲ್ಲಿಯೇ ಇದ್ದರೆ ಕೈಯಲ್ಲಿ ಕೊಂಡೊಯ್ಯಬೇಕು, ಅಂದರೆ ಮಾಡುವದನ್ನು ಕಲಿತಿರಬೇಕು.

ಆದುದರಿಂದ ಊರು ಬಿಟ್ಟ ಪೆನ್ಸಿಲ್ವೇನಿಯದ ಮಗಳು ಕಡೆಗೆ ತನ್ನ ಒಲೆಯ ಮುಂದೆಯೇ ನಿಲ್ಲುವಳು. ಹಂದಿಯ ತಲೆ ಸಿಕ್ಕದಿದ್ದರೆ ಮೂಳೆಯಿರುವ ಭುಜದ ಮಾಂಸವೂ ಕಾಲಿನ ಗೆಣ್ಣುಗಳೂ ಸಾಕು. ಅಂಟು ಬರುವದು ಗೆಣ್ಣಿನಿಂದ. ಸ್ವಲ್ಪ ಯಕೃತ್ತು ಬೇಕೇ ಬೇಕು, ಹೆಚ್ಚಾದರೆ ಕಹಿ. ಹಿಟ್ಟು ಒಂದು ಪಾಲಿಗೆ ರಸ ಮೂರೂವರೆ ಪಾಲು. ತಿರುವುವ ಕೈಯನ್ನು ಅರ್ಧ ಗಂಟೆ ನಿಲ್ಲಿಸಬಾರದು. ಒಂದು ರಾತ್ರಿ ತಣ್ಣಗಿಟ್ಟು, ಬೆಳಿಗ್ಗೆ ಬೆರಳು ದಪ್ಪದ ಬಿಲ್ಲೆಗಳನ್ನು ಕೊಯ್ದು, ಒಣಹಿಟ್ಟಿನಲ್ಲಿ ಹೊರಳಿಸಿ, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯ ಮೇಲಿಟ್ಟು, ಕೆಳಗಿನ ಮಗ್ಗುಲು ಕಂದುಬಣ್ಣದ ಹೊರಪು ಕಟ್ಟುವ ತನಕ ಮುಟ್ಟದೆ ಬಿಡಬೇಕು. ಅವಸರಪಟ್ಟು ಮಗುಚುವವರಿಗೆ ಅದು ಒಲಿಯದು. ಮಗುಚುವದು ಒಂದೇ ಸಲ.